ಮಗಳ ಮನೆಯ ಎಸಿಗೆ ಸಿಹಿನೀರಿನ ಸ್ನಾನ

ಹುಬ್ಬಳ್ಳಿಯಲ್ಲಿ ಫ್ರಿಜ್, ಎಸಿ ದುರಸ್ತಿ ಮಾಡುತ್ತ ನನಗೆ ಇಪ್ಪತ್ತಾರು ವರ್ಷಗಳಾದವು. ಈ ಊರಿನ ಎಸಿಗಳ ಕಾಯಿಲೆ ನನಗೆ ಬಾಯಿಪಾಠ. ಅದು ಧೂಳು. ಫಿಲ್ಟರ್ ತೊಳೆದು, ಹೊರಗಿನ ಯೂನಿಟ್ಟಿಗೆ ಬ್ಲೋವರ್ ಹಿಡಿದರೆ ಮುಕ್ಕಾಲು ಕೆಲಸ ಮುಗಿಯಿತು. ಯುಗಾದಿಗೆ ಮೊದಲು ಒಂದು ಸರ್ವಿಸ್, ದೀಪಾವಳಿಯ ನಂತರ ಒಂದು. ಇಷ್ಟೇ ತಿಳಿವಳಿಕೆಯಲ್ಲಿ ಮಗಳ ಮನೆಯ ಎಸಿಯನ್ನೂ ನೋಡಿಕೊಳ್ಳಬಹುದು ಎಂದು ನಂಬಿದ್ದೆ. ಆ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ. ಟೆರೇಸಿನ ಮೇಲೆ ನಿಂತರೆ ಸಮುದ್ರ ಕಾಣುತ್ತದೆ.

2019ರ ಮಾರ್ಚ್‌ನಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೂವರೆ ಟನ್ನಿನ ಎರಡು ಎಸಿ ಕೊಂಡೆ. ಒಂದು ಕೇಶ್ವಾಪುರದ ನಮ್ಮ ಮನೆಗೆ, ಇನ್ನೊಂದು ಮಗಳ ಮನೆಗೆ. ನಮ್ಮದಕ್ಕೆ ಇಂದಿನವರೆಗೆ ಒಮ್ಮೆಯೂ ಗ್ಯಾಸ್ ತುಂಬಿಲ್ಲ. ಮಗಳ ಮನೆಯದಕ್ಕೆ 2021ರ ಏಪ್ರಿಲ್‌ನಲ್ಲಿ ತುಂಬಿಸಿದರು, ಅಕ್ಟೋಬರ್‌ನಲ್ಲಿ ತುಂಬಿಸಿದರು, 2022ರ ಮಾರ್ಚ್‌ನಲ್ಲಿ ಮತ್ತೆ ತುಂಬಿಸಿದರು. ಪ್ರತಿ ಸಲವೂ 2,800 ರೂಪಾಯಿ. ಮೊದಲ ಸಲ ಕೊರೊನಾದ ಎರಡನೇ ಅಲೆ ಇತ್ತು, ನಾನು ಹೋಗುವಂತಿರಲಿಲ್ಲ. ಆಮೇಲೆ ಇಲ್ಲಿಯ ಕೆಲಸ ಬಿಡಲಿಲ್ಲ. ‘ಕರಾವಳಿಯಲ್ಲಿ ಗ್ಯಾಸ್ ಬೇಗ ಖಾಲಿಯಾಗುತ್ತದೆ’ ಎಂದು ಅಲ್ಲಿಯ ಮೆಕ್ಯಾನಿಕ್ ಹೇಳಿದರಂತೆ. ಫೋನಿನಲ್ಲಿ ಆ ಮಾತು ಕೇಳಿ ನನಗೆ ಸಿಟ್ಟೇ ಬಂದಿತು. ಎಸಿಯ ಗ್ಯಾಸ್ ಪೆಟ್ರೋಲ್ ಅಲ್ಲ, ಉರಿದು ಮುಗಿಯುವುದಿಲ್ಲ. ಹಾಕಿದ್ದೇ ಒಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತು ಬಿದ್ದಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಮೇ ತಿಂಗಳಲ್ಲಿ ಎಸಿ ನಾಲ್ಕನೇ ಸಲ ತಂಪು ಕೊಡುವುದನ್ನು ನಿಲ್ಲಿಸಿದಾಗ ಉಪಕರಣಗಳ ಚೀಲ ಕಟ್ಟಿಕೊಂಡು ಬಸ್ ಹತ್ತಿದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಹೊರಗಿನ ಯೂನಿಟ್ಟಿನ ಕವಚ ಬಿಚ್ಚಲು ಹೋದರೆ ಸ್ಕ್ರೂಗಳೇ ತಿರುಗಲಿಲ್ಲ. ಎರಡರ ತಲೆ ಪುಡಿಯಾಗಿ ಕೈಗೆ ಬಂದಿತು. ಕಾಯಿಲ್ ಎಂದರೆ ಗ್ಯಾಸ್ ಹರಿಯುವ ತಾಮ್ರದ ಕೊಳವೆಗಳ ಸುರುಳಿ. ಅದರ ಹಿಂಭಾಗದ ಅಲ್ಯೂಮಿನಿಯಂ ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿದೆ. ಸುಟ್ಟ ಹಪ್ಪಳದಂತೆ ಉದುರಿದವು, ಬೆರಳಿಗೆ ಬಿಳಿ ಪುಡಿ ಮೆತ್ತಿಕೊಂಡಿತು. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ತಾಗಿಕೊಂಡಿರುವಾಗ ಉಪ್ಪುನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ರೆಕ್ಕೆ ಸವೆದರೆ ಕೊಳವೆಯ ಶಾಖ ಹೊರಹೋಗಲು ದಾರಿಯಿಲ್ಲ, ಕಂಪ್ರೆಸರ್ ಏದುಸಿರು ಬಿಡುತ್ತ ಹೆಚ್ಚು ಕರೆಂಟ್ ಎಳೆಯುತ್ತದೆ. ಉಳಿದಿದ್ದ ಗ್ಯಾಸನ್ನು ಸಿಲಿಂಡರಿಗೆ ಎಳೆದು, ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದಾಗ ಬದಿಯ ಕಬ್ಬಿಣದ ತಗಡಿನ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ತಗಡು ತುಕ್ಕು ಹಿಡಿದು ಉಬ್ಬಿ, ಯಂತ್ರದ ನಡುಕಕ್ಕೆ ಕೊಳವೆಯನ್ನು ತಿಕ್ಕಿ ತಿಕ್ಕಿ ತೂತು ಮಾಡಿತ್ತು. ಮೂರು ಸಲ ತುಂಬಿದ ಗ್ಯಾಸ್, 8,400 ರೂಪಾಯಿ, ಹೋದದ್ದು ಅಲ್ಲಿಂದ.

ನನಗೆ ಒಂದು ವಿಷಯ ಅರ್ಥವಾಗಲಿಲ್ಲ. ಪಕ್ಕದ ಮನೆಯವರ ಎಸಿ ಇದಕ್ಕಿಂತ ಹಳೆಯದು, ಬಯಲಿನಲ್ಲಿ ಮಳೆಗೆ ನೆನೆಯುತ್ತ ನಿಂತಿದೆ, ಅದರ ಕಾಯಿಲ್ ಇದಕ್ಕಿಂತ ಚೆನ್ನಾಗಿತ್ತು. ನಮ್ಮದು ಸಜ್ಜಾದ ಕೆಳಗೆ ಭದ್ರವಾಗಿತ್ತು. ಉತ್ತರ ಸಿಕ್ಕಿದ್ದು ಮಗಳ ಅಡುಗೆಮನೆಯಲ್ಲಿ. ಉಪ್ಪಿನ ಜಾಡಿಯಲ್ಲಿ ಉಪ್ಪು ಒಸರಿ ನೀರಾಗಿತ್ತು. ಗಾಳಿಯ ತೇವಾಂಶ ಶೇ 75ರ ಆಸುಪಾಸು ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಕಡಲ ಗಾಳಿ ತಂದು ಕೂರಿಸಿದ ಉಪ್ಪು ರಾತ್ರಿಯೆಲ್ಲ ಹೀಗೆಯೇ ಹಸಿಯಾಗಿ ಲೋಹವನ್ನು ತಿನ್ನುತ್ತದೆ. ಬಯಲಿನ ಯೂನಿಟ್ಟನ್ನು ನಾಲ್ಕು ತಿಂಗಳ ಮಳೆ ತೊಳೆಯುತ್ತದೆ. ಸಜ್ಜಾದ ಕೆಳಗಿನದಕ್ಕೆ ಉಪ್ಪು ಮುಟ್ಟುತ್ತದೆ, ಮಳೆ ಮುಟ್ಟುವುದಿಲ್ಲ. ಸಜ್ಜಾದ ಕೆಳಗೆ ಹಾಕಿಸಿ ಎಂದು ಹೇಳಿದವನು ನಾನೇ. ಹುಬ್ಬಳ್ಳಿಯ ಬಿಸಿಲಿಗೆ ಅದು ಸರಿಯಾದ ಸಲಹೆ, ಕೋಡಿಬಾಗಕ್ಕೆ ಅಲ್ಲ.

ತೂತಿಗೆ ಬೆಸುಗೆ ಹಾಕಬಹುದಿತ್ತು. ಆದರೆ ಅಂಥ ಕಾಯಿಲಿಗೆ ಒಂದು ಕಡೆ ಬೆಸೆದರೆ ತಿಂಗಳೊಳಗೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಹೊಸ ಕಾಯಿಲನ್ನೇ ತರಿಸಿದೆ, 9,200 ರೂಪಾಯಿ. ಜೋಡಿಸುವ ಮೊದಲು ತುಕ್ಕು ತಡೆಯುವ ಲೇಪನ ಹೊಡೆದೆ, ಡಬ್ಬಿಗೆ 850. ಈ ಲೇಪನ ಹೊಸ ಕಾಯಿಲಿಗೆ ಮಾತ್ರ. ಉಪ್ಪು ಕೂತ ಹಳೆಯದರ ಮೇಲೆ ಹೊಡೆದರೆ ಉಪ್ಪನ್ನು ಒಳಗೇ ಕೂಡಿಹಾಕಿದಂತಾಗುತ್ತದೆ. ಬಿಸಿ ಅದ್ದಿಕೆಯ ಸತು ಲೇಪಿಸಿದ ಸ್ಟ್ಯಾಂಡನ್ನು ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ 1,900ಕ್ಕೆ ಮಾಡಿಸಿ ಬಸ್ಸಿನಲ್ಲೇ ಒಯ್ದೆ. 240 ರೂಪಾಯಿಗೆ ಸ್ಟೇನ್‌ಲೆಸ್ ಬೋಲ್ಟುಗಳು. ಯೂನಿಟ್ಟನ್ನು ಕಡಲಿಗೆ ಮುಖ ಮಾಡಿದ್ದ ಪಡುವಣ ಗೋಡೆಯಿಂದ ಮೂಡಣ ಗೋಡೆಗೆ, ಬಯಲಿಗೆ ತಂದೆ. ಮೂರು ಮೀಟರ್ ಹೆಚ್ಚಿನ ತಾಮ್ರದ ಪೈಪಿಗೆ ಹೊದಿಕೆ ಸೇರಿ 2,100. ನೈಟ್ರೋಜನ್ ಬಾಡಿಗೆ 600, ಗ್ಯಾಸಿಗೆ 1,100. ಎಲ್ಲ ಸೇರಿ 15,990 ರೂಪಾಯಿ, ನನ್ನ ಕೂಲಿ ಮತ್ತು ಬಸ್ ಚಾರ್ಜು ಬಿಟ್ಟು.

ನೈಟ್ರೋಜನ್ನನ್ನು 350 ಪಿಎಸ್‌ಐ ಒತ್ತಡದಲ್ಲಿ ಒಂದು ರಾತ್ರಿ ಬಿಟ್ಟೆ. ಮೀಟರಿನ ಮುಳ್ಳು ಇಳಿಯಲಿಲ್ಲ, ಎಂದರೆ ಸೋರಿಕೆಯಿಲ್ಲ. ಆಮೇಲೆ ವ್ಯಾಕ್ಯೂಮ್ ಮಾಡಿ, ಅಂದರೆ ಕೊಳವೆಯೊಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಗ್ಯಾಸನ್ನು ತೂಕ ಹಾಕಿಯೇ ತುಂಬಿದೆ. ಇದು ಆರ್-32, ಬೆಂಕಿ ಹಿಡಿಯುವ ಗುಣವಿರುವ ಗ್ಯಾಸ್. ಒಳಗೆ ಗ್ಯಾಸ್ ಇರುವಾಗ ಬೆಸುಗೆಯ ಜ್ವಾಲೆ ಹಚ್ಚುವವರನ್ನು ಕಂಡಿದ್ದೇನೆ. ಅಂಥವರನ್ನು ಮನೆಯೊಳಗೆ ಬಿಡಬೇಡಿ.

ಇಷ್ಟಾದ ಮೇಲೆ ಉಳಿದದ್ದು ತೊಳೆಯುವ ಕೆಲಸ. ಹದಿನೈದು ದಿನಕ್ಕೊಮ್ಮೆ ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ಚನ್ನು ಇಳಿಸಿ, ಎರಡು ಬಕೆಟ್ ನೀರನ್ನು ಮೆಲ್ಲಗೆ ಕಾಯಿಲಿನ ಮೇಲೆ ಹಾಯಿಸುವುದು. ಬೈಕ್ ತೊಳೆಯುವ ಜೋರು ಪಂಪು ಬೇಡ, ರೆಕ್ಕೆಗಳು ಮಡಚಿಕೊಳ್ಳುತ್ತವೆ. ನಮ್ಮ ಊರಿನಲ್ಲಿ ನಲ್ಲಿ ನೀರಿಗಾಗಿ ವಾರ ಕಾದು ಬೆಳೆದವನಿಗೆ ಯಂತ್ರಕ್ಕೆ ಬಕೆಟ್ ನೀರು ಸುರಿಯುವುದು ಕಷ್ಟವೇ. ಮಗಳ ಮನೆಯಲ್ಲಿ ಬಾವಿಯಿದೆ, ಆ ನೀರನ್ನೇ ಬಳಸು ಎಂದು ಹೇಳಿ ಬಂದೆ.

ಮರುವರ್ಷ ಏಪ್ರಿಲ್‌ನಲ್ಲಿ ಹೋದಾಗ ಕಾಯಿಲಿನ ಮೇಲೆ ಬಿಳಿ ಗೆರೆಗಳಿದ್ದವು. ಮಗಳು ಒಂದು ಸಲವೂ ತಪ್ಪಿಸಿರಲಿಲ್ಲ. ಬಾವಿಯ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ, ಸವಳು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ 1,350 ತೋರಿಸಿತು, ನಲ್ಲಿಯ ನೀರಿಗೆ 110. ಬೇಸಿಗೆಯಲ್ಲಿ ಸಿಹಿನೀರು ಕೆಳಗಿಳಿದಾಗ ಕಡಲಿನ ನೀರು ಬಾವಿಯ ಒರತೆಗೆ ಸೇರುತ್ತದೆ. ಉಪ್ಪು ತೊಳೆಯಲೆಂದು ನಾವು ಉಪ್ಪನ್ನೇ ಎರೆದಿದ್ದೆವು. ಅಂದಿನಿಂದ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಟ್ಯಾಂಕಿನ ನಲ್ಲಿ ನೀರು ಮಾತ್ರ. ಮಳೆಗಾಲದಲ್ಲಿ ಅಲ್ಲಿಯವರು ಯೂನಿಟ್ಟಿಗೆ ತಾಡಪತ್ರಿ ಸುತ್ತಿ ಕಟ್ಟುತ್ತಾರೆ. ಮಗಳೂ ಕಟ್ಟುತ್ತಿದ್ದಳು. ಅದನ್ನು ಬಿಚ್ಚಿಸಿದೆ. ಒಳಗೆ ಬೆವರಿ ತುಕ್ಕು ಹೆಚ್ಚುತ್ತದೆ, ಪುಕ್ಕಟೆ ಸಿಗುವ ಮಳೆಯ ಸ್ನಾನವೂ ತಪ್ಪುತ್ತದೆ.

ಕ್ಲ್ಯಾಂಪ್ ಮೀಟರ್ ಹಿಡಿದಾಗ ಹಳೆಯ ಕಾಯಿಲಿನಲ್ಲಿ ಕಂಪ್ರೆಸರ್ 9.5 ಆಂಪಿಯರ್ ಎಳೆಯುತ್ತಿತ್ತು, ಈಗ 7.6. ವರ್ಷದ ಖರ್ಚು ಒಳಗಿನ ಯೂನಿಟ್ಟಿನ ಸರ್ವಿಸ್ ಸೇರಿ 1,400 ರೂಪಾಯಿ ದಾಟುತ್ತಿಲ್ಲ. ಕರಾವಳಿಯ ಪರಿಚಯದವರು ಎಸಿ ನಿರ್ವಹಣೆಗೆ ವಾರ್ಷಿಕ ಒಪ್ಪಂದ ಮಾಡಿಸಬೇಕೇ ಎಂದು ಕೇಳುತ್ತಾರೆ. ನಾನು ಕೇಳುವುದು ಒಂದನ್ನೇ: ಹೊರಗಿನ ಕಾಯಿಲಿನ ತುಕ್ಕು ಅದರಲ್ಲಿ ಸೇರಿದೆಯೇ? ಫಿಲ್ಟರ್ ತೊಳೆದು ಸಹಿ ಹಾಕಿಸಿಕೊಂಡು ಹೋಗುವ ಒಪ್ಪಂದ ಕಡಲ ದಂಡೆಯಲ್ಲಿ ದುಡ್ಡು ದಂಡ. 2025ರ ಸೆಪ್ಟೆಂಬರ್ 22ರಿಂದ ಎಸಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಹಳೆಯದನ್ನು ಎಸೆದು ಹೊಸದನ್ನೇ ಕೊಳ್ಳುತ್ತೇವೆ ಎನ್ನುವವರಿದ್ದಾರೆ. ಕೊಳ್ಳಲಿ. ಇನ್ವರ್ಟರ್ ಎಸಿಯಾದರೆ ಹೊರಗಿನ ಸರ್ಕ್ಯೂಟ್ ಬೋರ್ಡಿಗೆ ತೇವ ತಡೆಯುವ ಲೇಪನ ಇದೆಯೇ ಎಂದು ಅಂಗಡಿಯಲ್ಲೇ ಕೇಳಲಿ, ಕೆಟ್ಟರೆ ಅದರ ಬೆಲೆ ಸಾವಿರಗಳಲ್ಲಿದೆ.

ಹೊಸ ಕಾಯಿಲ್ ಮೂರು ಬೇಸಿಗೆ ಕಂಡಿದೆ, ಗ್ಯಾಸ್ ಒಂದು ಗ್ರಾಂ ಹಾಕಿಲ್ಲ. ದೀಪಾವಳಿಗೆ ಹೋದಾಗ ಪೈಪ್ ಸೇರುವ ಹಿತ್ತಾಳೆಯ ನಟ್ಟಿನ ಮೇಲೆ ಹಸಿರು ಕಟ್ಟಿತ್ತು. ಸಾಬೂನು ನೀರಿಗೆ ಗುಳ್ಳೆ ಬರಲಿಲ್ಲ. ಆದರೂ ಯುಗಾದಿಗೆ ಹೋದಾಗ ಬದಲಿಸಬೇಕು. ಹೊಸ ನಟ್ಟು ಈಗಾಗಲೇ ಚೀಲದಲ್ಲಿದೆ.