ಚೀಟಿ ಇಲ್ದೆ ಭಾಷಣ ಮಾಡೋದು ಹೆಂಗೆ: ಅಥೆನ್ಸ್, ರೋಮ್‌ನವ್ರ ಪಾಠ ನಮ್ಮ ಜಗುಲೀಲಿ

ಕಾಲೇಜಲ್ಲಿದ್ದಾಗ ಒಂದು ಚರ್ಚಾಸ್ಪರ್ಧೆಗೆ ಹೋಗಿದ್ದೆ. ಜುಲೈ ತಿಂಗಳು, ಬಸ್ ಇಳಿದು ನಡ್ಕೊಂಡು ಹೋಗೋಷ್ಟ್ರಲ್ಲಿ ಜೇಬಲ್ಲಿದ್ದ ಚೀಟಿ ನೆನೆದು ಮುದ್ದೆ, ಶಾಯಿ ಎಲ್ಲಾ ಒಂದಕ್ಕೊಂದು ಕಲಸ್ಕೊಂಡು ಒಂದಕ್ಷರ ಕಾಣ್ತಿಲ್ಲ. "ಮಾನ್ಯ ಅಧ್ಯಕ್ಷರೇ" ಅಂದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಮಾನ್ಯ ಅಧ್ಯಕ್ಷರೇ" ಅಂದೆ, ಕೆಳಗಿಳಿದು ಬಂದೆ. ನಮ್ಮ ಮಾವ ತಾಳಮದ್ದಲೇಲಿ, ಅಂದ್ರೆ ವೇಷ ಇಲ್ದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳೋರು, ಕೇಳಿ ಹೊಟ್ಟೆ ಹಿಡ್ಕೊಂಡು ನಕ್ರು. "ರಾತ್ರಿಯಿಡೀ ಕರ್ಣನ ಅರ್ಥ ಹೇಳ್ತೀನಲ್ಲ ಮಾರಾಯ, ನನ್ ಕೈಲಿ ಯಾವತ್ತಾದ್ರೂ ಚೀಟಿ ನೋಡಿದೀಯಾ?"

ಆಮೇಲೆ ಹಳೇ ಗ್ರೀಕರು ರೋಮನ್ನರು ಮಾತು ಕಲಿಸ್ತಿದ್ದ ಕ್ರಮ ಓದ್ತಾ ಹೋದ್ರೆ, ಅವ್ರದ್ದೂ ಇದೇ ಕಥೆ. ಅಥೆನ್ಸ್ ಕೋರ್ಟಲ್ಲಿ ನಿಮ್ಮ ಕೇಸನ್ನ ನೀವೇ ವಾದಿಸ್ಬೇಕಿತ್ತು, ಲಿಸಿಯಸ್ ಥರದೋರು ದುಡ್ಡಿಗೆ ಭಾಷಣ ಬರೆದುಕೊಡ್ತಿದ್ರು, ಆದ್ರೆ ಎದ್ದು ನಿಂತು ಹೇಳೋದು ನೀವೇ. ರೋಮ್‌ನ ಭಾಷಣಕಾರ ಸಿಸೆರೊ ಕಾಲಕ್ಕೆ ಇದನ್ನ ಐದು ಕೆಲಸ ಅಂತ ಹಂಚಿಟ್ಟಿದ್ರು, ಏನ್ ಹೇಳೋದು ಅಂತ ಹುಡುಕೋದು, ಅದನ್ನ ಜೋಡ್ಸೋದು, ಮಾತಿಗೆ ಇಳ್ಸೋದು, ನೆನಪಲ್ಲಿಟ್ಕೊಳ್ಳೋದು, ಕೊನೇಗೆ ಹೇಳೋದು. ನಾವು ಮೂರನೇದಕ್ಕೇ ಎಲ್ಲಾ ಟೈಮ್ ಖರ್ಚು ಮಾಡ್ತೀವಿ. ಹಂಗಾಗಿ ಇಲ್ಲಿ ನಾನು ಬರೆಯೋದು ಜಾಸ್ತಿ ಕೊನೇ ಎರಡರ ಬಗ್ಗೆ.

ಮೊದ್ಲು ಕೈ ಪಳಗಿಸೋ ಸಣ್ಣ ಅಭ್ಯಾಸ. ನಾಲ್ಕನೇ ಶತಮಾನದಲ್ಲಿ ಅಫ್ತೋನಿಯಸ್ ಅಂತೊಬ್ಬ ಮೇಷ್ಟ್ರು ಹುಡುಗ್ರಿಗೆ 14 ಅಭ್ಯಾಸ ಸಾಲಾಗಿ ಇಟ್ಟಿದ್ದ, ಶುರು ಆಗೋದು ಪ್ರಾಣಿ ಕಥೆಯಿಂದ, ಮುಗಿಯೋದು ಒಂದು ಕಾನೂನಿನ ಪರ-ವಿರೋಧದಲ್ಲಿ. ಹದಿನಾಲ್ಕೂ ಬೇಡ, ಮೂರು ಸಾಕು. ಒಂದು, ತೋಟಕ್ಕೆ ಮಂಗ ಬಂದ ಕಥೆನ ಐದು ನಿಮಿಷ ಹೇಳಿ, ಅದನ್ನೇ ಅರ್ಧ ನಿಮಿಷದಲ್ಲಿ ಹೇಳಿ, ಹಿಗ್ಗಿಸೋದು ಕುಗ್ಗಿಸೋದು ಎರಡೂ ಬರ್ಬೇಕು. ಎರಡನೇದು, ಅದೇ ಕಥೆ ನಡೆಯೋಕೆ ಸಾಧ್ಯನೇ ಇಲ್ಲ ಅಂತ ವಾದ ಮಾಡಿ, ಆಮೇಲೆ ತಿರುಗಿ ನಿಂತು ನಡೆದಿದ್ದು ಖರೆ ಅಂತ ವಾದ ಮಾಡಿ. ಯಾವ ವಿಷಯಕ್ಕಾದ್ರೂ ಎರಡು ವಾದ ಇದ್ದೇ ಇರ್ತದೆ ಅಂತ ಗ್ರೀಕ್ ಚಿಂತಕ ಪ್ರೊಟಾಗೊರಾಸ್ ಕ್ರಿ.ಪೂ. ಐದನೇ ಶತಮಾನದಲ್ಲೇ ಹೇಳಿದ್ದ. ಮೂರನೇದು ನಂಗೆ ಭಾರಿ ಇಷ್ಟ, ಬೇರೆಯವ್ರ ಬಾಯಲ್ಲಿ ಮಾತಾಡೋದು. ಗ್ರೀಕ್ ಪುರಾಣದಲ್ಲಿ ಮಕ್ಕಳನ್ನೆಲ್ಲ ಕಳ್ಕೊಂಡ ನಿಯೋಬೆ ಏನಂದಾಳು ಅಂತ ಅಫ್ತೋನಿಯಸ್ ಬರೆಸ್ತಾನೆ. ಮರದ ಹಿಂದಿಂದ ರಾಮನ ಬಾಣ ಬಿದ್ದ ವಾಲಿ ಏನಂದಾನು? ಇದನ್ನ ಮಾವಂಗೆ ಹೇಳಿದ್ರೆ "ಇದಕ್ಕೆ ಅಷ್ಟು ದೂರ ಯಾಕ್ ಹೋದೆ, ಮಳೆಗಾಲದಲ್ಲಿ ನಮ್ಮ ಜಗುಲೀಲಿ ಕೂತಿದ್ರೆ ಆಗ್ತಿತ್ತು" ಅಂದ್ರು. ಭಾಗವತ್ರು ಪದ್ಯ ಹೇಳಿ ಬಿಡ್ತಾರೆ, ಅಲ್ಲಿಂದ ಮುಂದೆ ವಾಲಿ ನೀವೇ, ಎದುರಿಗಿರೋ ರಾಮ ಏನ್ ಕೇಳ್ತಾನೋ ಗೊತ್ತಿಲ್ಲ, ಬರೆದಿಟ್ಟಿದ್ದು ಏನೂ ಉಪಯೋಗಕ್ಕೆ ಬರಲ್ಲ.

ಒಂದು ಮಾತು, ರೋಮ್‌ನಲ್ಲಿ ವ್ಯಾಕರಣದ ಮೇಷ್ಟ್ರ ಹತ್ರ ಕಲ್ತ ಮೇಲೇ ಭಾಷಣದ ಮೇಷ್ಟ್ರ ಹತ್ರ ಕಳಿಸ್ತಿದ್ರು. ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕೋಡಿಮಠದ 1162ರ ಶಾಸನದಲ್ಲೂ ವೇದ, ದರ್ಶನಗಳ ಜೊತೆ ವ್ಯಾಕರಣದ ಪಾಠನೂ ಬರ್ತದೆ. ನಾವು ಮಾತ್ರ ಸೀದಾ ಮೈಕ್ ಹಿಡೀತೀವಿ.

ಈಗ ನೆನಪಿನ ವಿಷ್ಯ. ಸಿಮೊನೈಡೀಸ್ ಅನ್ನೋ ಕವಿ ಗ್ರೀಸಿನ ಥೆಸಲಿಯಲ್ಲಿ ಒಂದು ಊಟಕ್ಕೆ ಹೋಗಿದ್ದ, ಯಾರೋ ಕರೆದ್ರು ಅಂತ ಹೊರಗೆ ಬಂದ, ಅಷ್ಟ್ರಲ್ಲಿ ಮಾಡು ಕುಸಿದು ಒಳಗಿದ್ದೋರೆಲ್ಲ ಗುರುತು ಸಿಗದ ಹಂಗೆ ಸತ್ರು. ಯಾರ್ ಯಾವ ಜಾಗದಲ್ಲಿ ಕೂತಿದ್ರು ಅನ್ನೋದು ಇವ್ನಿಗೆ ನೆನಪಿತ್ತು, ಅದ್ರ ಮೇಲೇ ಹೆಣ ಗುರುತು ಹಿಡಿದ್ರು, ಜಾಗ ನೆನಪಿದ್ರೆ ವಿಷಯ ತಾನಾಗೇ ಬರ್ತದೆ ಅನ್ನೋ ಉಪಾಯ ಹುಟ್ಟಿದ್ದು ಅಲ್ಲಿಂದ ಅಂತ ಕಥೆ. ಇದನ್ನ ಬಿಡಿಸಿ ಹೇಳೋ ಪುಸ್ತಕಗಳಲ್ಲಿ ಈಗ ಉಳಿದಿರೋ ಅತೀ ಹಳೇದು ಕ್ರಿ.ಪೂ. ಮೊದಲ ಶತಮಾನದ್ದು, ಬರೆದವ್ನ ಹೆಸ್ರು ಯಾರಿಗೂ ಗೊತ್ತಿಲ್ಲ. ಅವ್ನ ಪ್ರಕಾರ ಜಾಗಗಳು ಒಂದೇ ಥರ ಇರ್ಬಾರ್ದು, ತೀರಾ ಕತ್ತಲೆ ತೀರಾ ಬೆಳಕು ಎರಡೂ ಬೇಡ, ಜನ ಓಡಾಡೋ ಕಡೆ ಬೇಡ. ಅಪಾರ್ಟ್‌ಮೆಂಟಿನೋರಿಗೆ ಕಷ್ಟನೇ, ನಮ್ಮ ಕಡೆ ಹಳೇ ಮನೆ ಅಂತೂ ಇದಕ್ಕೇ ಕಟ್ಟಿಸಿದ ಹಂಗಿದೆ.

ನಾನು ಮಾಡಿದ್ದನ್ನೇ ಹೇಳ್ತೀನಿ. ಗ್ರಾಮಸಭೇಲಿ ಊರಿಗೊಂದು ಸಂಜೆ ಬಸ್ಸು ಬೇಕು ಅಂತ ಮಾತಾಡ್ಬೇಕಿತ್ತು. ಅಜ್ಜನ ಮನೇನ ಕಣ್ಣು ಮುಚ್ಚಿ ನಡೆದೆ. ದಣಪೆ (ಅಂಗಳದ ಬೇಲಿ ಬಾಗಿಲು) ಹತ್ರ ಒಂದು ಬಸ್ಸು ಅಡ್ಡಡ್ಡ ಸಿಕ್ಕಾಕ್ಕೊಂಡಿದೆ, ಅಂದ್ರೆ ಮೊದಲ ಮಾತು, ಬಸ್ಸು ಮುಖ್ಯ ರಸ್ತೇಲೇ ನಿಲ್ತದೆ, ಒಳಗೆ ಬರಲ್ಲ. ತುಳಸಿಕಟ್ಟೆ ಸುತ್ತ ಸ್ಕೂಲ್ ಬ್ಯಾಗ್ ಹಾಕ್ಕೊಂಡ ಮಕ್ಕಳು, ಕಾಲ್ ತುಂಬಾ ಉಂಬಳ (ಜಿಗಣೆ), ರಕ್ತ ಇಳೀತಿದೆ, ಅಂದ್ರೆ ಮಕ್ಕಳು ಕಾಡುದಾರೀಲಿ ನಡ್ಕೊಂಡು ಬರೋ ವಿಷಯ. ರಕ್ತ ನಾನು ಸುಮ್ನೆ ಹಾಕಿದ್ದಲ್ಲ, ಚಿತ್ರಕ್ಕೆ ರಕ್ತನೋ ಕೆಸರೋ ಮೆತ್ತಿ, ಇಲ್ಲಾ ನಗು ಬರೋ ಹಂಗೆ ಮಾಡಿ, ಸಾದಾ ಇದ್ರೆ ಮರೆತು ಹೋಗ್ತದೆ ಅಂತ ಆ ಪುಸ್ತಕದವ್ನೇ ಹೇಳಿದಾನೆ. ಜಗುಲೀಲಿ ಒಬ್ಬಜ್ಜ ಶುಗರ್ ಮಾತ್ರೆನ ಅಡಿಕೆ ಥರ ಗೋಣಿಚೀಲಕ್ಕೆ ತುಂಬ್ತಿದಾನೆ, ಆಸ್ಪತ್ರೆ ವಿಷಯ. ನಡುಮನೇಲಿ ನೆಂಟ್ರು ಸಾಲಾಗಿ ಮಲಗಿ ಗೊರಕೆ ಹೊಡೀತಿದಾರೆ, ಬಸ್ಸಿಲ್ದೆ ಎಲ್ರೂ ರಾತ್ರಿ ಉಳೀಬೇಕು. ಐದನೇದು ದೇವ್ರ ಕೋಣೆ, ಅಲ್ಲಿ ಬಂಗಾರದ ಕೈ. ಐದನೇ ಜಾಗಕ್ಕೆ ಬಂಗಾರದ ಕೈ ಇಡಿ, ಲೆಕ್ಕ ತಪ್ಪಲ್ಲ ಅಂತ ಅವ್ನೇ ಹೇಳಿರೋದು, ನಾನು ಆ ಕೈಲಿ ಬಸ್ ಟಿಕೆಟ್ ಹಿಡಿಸಿ ಎಷ್ಟು ಜನ ಪ್ರಯಾಣ ಮಾಡ್ತಾರೆ ಅನ್ನೋ ಲೆಕ್ಕ ಸೇರ್ಸಿದೆ. ಅಡುಗೆಮನೆ, ಬಚ್ಚಲು, ಕೊಟ್ಟಿಗೆ ಹಿಂಗೇ ಮುಂದಕ್ಕೆ. ಒಂದು ಜಾಗಕ್ಕೆ ಒಂದೇ ಚಿತ್ರ, ಎರಡು ತುರುಕಿದ್ರೆ ಎರಡೂ ಹೋಗ್ತವೆ. ವಾಕ್ಯ ವಾಕ್ಯ ಬಾಯಿಪಾಠ ಮಾಡೋಕೆ ಹೋಗ್ಬೇಡಿ, ವಿಷಯ ಮಾತ್ರ ಇಡಿ.

ಇನ್ನು ಗಂಟಲು. ಅಥೆನ್ಸ್‌ನ ದೊಡ್ಡ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಕಲ್ಲು ಇಟ್ಕೊಂಡು ಮಾತಾಡಿ ತೊದಲು ಸರಿಮಾಡ್ಕೊಂಡ ಅಂತ ಎಲ್ರೂ ಕೇಳಿರ್ತೀರಿ, ದಯವಿಟ್ಟು ಅದನ್ನ ಮಾಡ್ಬೇಡಿ, ಗಂಟಲಿಗೆ ಇಳಿದ್ರೆ ಕಷ್ಟ. ಬಾಯಲ್ಲಿ ಕವಳ (ಎಲೆ ಅಡಿಕೆ) ಇಟ್ಕೊಂಡು ಮಾತಾಡೋದನ್ನ ನಮ್ಮೂರಲ್ಲಿ ಅರ್ಧ ಜನ ದಿನಾ ಮಾಡ್ತಾರೆ, ಒಬ್ರೂ ಡೆಮಾಸ್ತನೀಸ್ ಆಗಿಲ್ಲ. ಅವ್ನ ಇನ್ನೆರಡು ಅಭ್ಯಾಸ ಒಳ್ಳೇವು. ಏರು ಹತ್ತುತ್ತಾ ಜೋರಾಗಿ ಹೇಳೋದು ಒಂದು, ಕವಲೇದುರ್ಗ ಹತ್ತುವಾಗ ಮಾಡಿ ನೋಡಿ, ಎಲ್ಲಿ ಉಸಿರು ತಗೋಬೇಕು ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಗ್ತದೆ, ಉದ್ದ ವಾಕ್ಯ ತಾನಾಗೇ ಚಿಕ್ಕದಾಗ್ತದೆ. ಇನ್ನೊಂದು, ಜನರ ಗಲಾಟೆ ಅಭ್ಯಾಸ ಆಗ್ಲಿ ಅಂತ ಸಮುದ್ರದ ಅಲೆ ಎದುರು ಮಾತಾಡ್ತಿದ್ದ. ನಮ್ಗೆ ಸಮುದ್ರ ಯಾಕೆ, ಆಷಾಢದಲ್ಲಿ ತಗಡಿನ ಶೀಟಿನ ಕೆಳಗೆ ನಿಂತ್ಕೊಳ್ಳಿ, ಅಂಗಳದ ಆ ಕಡೆ ಕೂತೋರಿಗೆ ಕೇಳ್ಬೇಕು, ಆದ್ರೆ ಕಿರುಚ್ಬಾರ್ದು. ಗಾಯಸ್ ಗ್ರಾಕಸ್ ಅನ್ನೋ ರೋಮನ್ ಲೀಡರಿಗೆ ಸಿಟ್ಟು ಬಂದ್ರೆ ದನಿ ಮೇಲಕ್ಕೆ ಹೋಗ್ತಿತ್ತಂತೆ, ಹಿಂದೊಬ್ಬ ಪೀಪಿ ಹಿಡ್ಕೊಂಡು ನಿಂತು ಶ್ರುತಿ ಕೊಟ್ಟು ಇಳಿಸ್ತಿದ್ದ. ಶ್ರುತಿಪೆಟ್ಟಿಗೆ ಆಪ್ ಮೊಬೈಲಲ್ಲೇ ಇದೆ, ಪ್ರಾಕ್ಟೀಸಲ್ಲಿ ಹಾಕ್ಕೊಳ್ಳಿ.

ಕೈ ಬಗ್ಗೆ ಕ್ವಿಂಟಿಲಿಯನ್ ಅನ್ನೋ ಮೇಷ್ಟ್ರು ಉದ್ದಕ್ಕೆ ಬರೆದಿದಾನೆ, ನಂಗೆ ಉಳ್ಕೊಂಡಿದ್ದು ಇಷ್ಟು, ಕಣ್ಣಿಗಿಂತ ಮೇಲೆ ಎತ್ತಬೇಡಿ, ಎದೆಗಿಂತ ಕೆಳಗೆ ಇಳಿಸ್ಬೇಡಿ.

ಟೈಮಿಗೆ ಮೊಬೈಲ್ ಬೇಡ. ಅಥೆನ್ಸ್ ಕೋರ್ಟಲ್ಲಿ ತೂತು ಇರೋ ಮಡಕೇಲಿ ನೀರು ಬಿಡ್ತಿದ್ರು, ಅಲ್ಲಿ ಅಗೆದಾಗ ಸಿಕ್ಕಿದ ಒಂದು ಮಡಕೆಗೆ 6.4 ಲೀಟರ್ ಹಿಡಿತದೆ, ಖಾಲಿ ಆಗೋಕೆ ಸುಮಾರು 6 ನಿಮಿಷ. ಹಳೇ ಬಕೆಟ್ಟಿನ ಬುಡಕ್ಕೆ ಸಣ್ಣ ಮೊಳೇಲಿ ತೂತು ಮಾಡಿ, ಒಂದ್ಸಲ ವಾಚ್ ನೋಡಿ ನೀರಿನ ಅಳತೆ ಗುರುತು ಹಾಕಿ, ಕಟ್ಟೆ ಮೇಲಿಡಿ, ಕೆಳಗಿನ ಪಾತ್ರೆಗೆ ಬೀಳೋ ಸದ್ದು ಕೇಳ್ತಾ ಮಾತಾಡಿ. ನೀರು ಕಮ್ಮಿ ಆದಂಗೆ ಸದ್ದು ಬದಲಾಗ್ತದೆ, ಕಣ್ಣು ಜನರ ಮೇಲಿಂದ ತೆಗೀಬೇಕಿಲ್ಲ. ಮಳೆಗಾಲದಲ್ಲಿ ಬಕೆಟ್ಟನ್ನ ಹೊರಗಿಡ್ಬೇಡಿ, ನನ್ನ ಮೊದಲನೇ ಪ್ರಾಕ್ಟೀಸು ಹಂಗಾಗಿ ಮುಗೀಲೇ ಇಲ್ಲ.

ಗ್ರಾಮಸಭೆ ದಿನ ದಣಪೆಯಿಂದ ಅಡುಗೆಮನೆ ತಂಕ ಸಲೀಸಾಗಿ ಹೋದೆ. ಬಚ್ಚಲಿಗೆ ಬಂದ್ರೆ ಹಂಡೆ ಒಳಗೆ ಒಬ್ಬ ಡ್ರೈವರ್ ಕೂತು ಕೈ ಬೀಸ್ತಿದಾನೆ, ಯಾಕೆ ಕೂರಿಸಿದ್ದೆ ಅಂತ ಸುತಾರಾಂ ನೆನಪಾಗ್ಲಿಲ್ಲ. ಅವ್ನನ್ನ ಅಲ್ಲೇ ಬಿಟ್ಟು ಕೊಟ್ಟಿಗೆಗೆ ಹೋದೆ, ಯಾರಿಗೂ ಗೊತ್ತಾಗ್ಲಿಲ್ಲ, ಹಿಂದೆ ಕೂತಿದ್ದ ಮಾವಂಗೆ ಮಾತ್ರ ಗೊತ್ತಾಯ್ತು. "ಎಲ್ಲೋ ಒಂದು ಪದ್ಯ ಹಾರಿಸ್ದೆ ನೀನು" ಅಂದ್ರು ಬರೋ ದಾರೀಲಿ, ನಡ್ಕೊಂಡೇ ಬರ್ತಿದ್ವಿ.