ಹೊಸ ಕಾರಿನ ಡೋರಿಗೆ ಮತ್ತೆ ಬಣ್ಣ ಹೊಡೆದಿದ್ದರು: ನಾನು ಬಗೆಹರಿಸಿಕೊಂಡಿದ್ದು ಹೀಗೆ

ಕಾರು ಮನೆಗೆ ಬಂದು ಇನ್ನೂ ವಾರ ಆಗಿರಲಿಲ್ಲ. ತುಳಸಿಗೇರಿ ಹನುಮಪ್ಪನ ಗುಡಿಯಲ್ಲಿ ಪೂಜೆ ಮಾಡಿಸಿಕೊಂಡು ಬಂದು, ಬಾನೆಟ್ ಮೇಲಿನ ಕುಂಕುಮ, ಟೈರಿನ ಹತ್ತಿರ ಸಿಡಿದಿದ್ದ ನಿಂಬೆರಸ ಎಲ್ಲ ಒರೆಸುತ್ತಿದ್ದೆ. ಮಟಮಟ ಮಧ್ಯಾಹ್ನ. ಬಾಗಲಕೋಟೆ ಬಿಸಿಲು ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ಬಿಸಿಲಲ್ಲಿ ಎಡಗಡೆಯ ಹಿಂದಿನ ಡೋರು ಮಾತ್ರ ಒಂದು ಛಾಯೆ ಕಪ್ಪಗೆ ಕಂಡಿತು. ನೆರಳಿಗೆ ತಂದರೆ ಏನೂ ಗೊತ್ತಾಗುತ್ತಿರಲಿಲ್ಲ.

ನಮ್ಮದು ಮೆಟಾಲಿಕ್ ಗ್ರೇ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರುಗಳಿರುತ್ತವೆ. ಸ್ಪ್ರೇ ಮಾಡುವ ರೀತಿ ಬದಲಾದರೆ ಅವು ಕೂರುವ ದಿಕ್ಕೂ ಬದಲಾಗುತ್ತೆ. ಹಾಗಾಗಿ ಬಣ್ಣದ ಕೋಡ್ ಒಂದೇ ಆಗಿದ್ದರೂ ಒಂದು ಕೋನದಿಂದ ನೋಡಿದಾಗ ವ್ಯತ್ಯಾಸ ಕಾಣುತ್ತೆ. ಬಂಪರ್ ಪ್ಲಾಸ್ಟಿಕ್ಕಿನದು, ಅದರಲ್ಲಿ ಸ್ವಲ್ಪ ಫರಕು ಫ್ಯಾಕ್ಟರಿಯಿಂದಲೇ ಬರಬಹುದು. ಆದರೆ ಮುಂದಿನ ಡೋರೂ ಹಿಂದಿನ ಡೋರೂ ಒಂದೇ ತಗಡು, ಒಂದೇ ಸಾಲಿನಲ್ಲಿ ಬಣ್ಣ ಕಂಡವು. ಅವೆರಡರ ನಡುವೆ ಫರಕು ಬರಬಾರದು.

ಪರಿಚಯದ ಒಬ್ಬ ಪೇಂಟರ್ ಉಸ್ತಾದರ ಹತ್ತಿರ ಒಯ್ದೆ. ಅವರು ಬಣ್ಣವನ್ನು ನೋಡಲೇ ಇಲ್ಲ. ಸೀದಾ ಡೋರು ತೆಗೆದು, ಅಂಚಿನ ರಬ್ಬರ್ ಬೀಡಿಂಗನ್ನು ಬೆರಳಿನಿಂದ ಸ್ವಲ್ಪ ಮೇಲೆತ್ತಿದರು. "ಸಾಹೇಬ್ರ, ಇದು ಕಂಪನಿ ಬಣ್ಣ ಅಲ್ರಿ. ಉಗುರು ಹಾಕಿ ನೋಡ್ರಿ ಇಲ್ಲಿ" ಅಂದರು. ನೋಡಿದೆ. ರಬ್ಬರಿನ ಕೆಳಗೆ ಕೂದಲೆಳೆಯಷ್ಟು ದಪ್ಪದ ಏಣು ಉಗುರಿಗೆ ತಾಗಿತು. ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹೊಡೆದು ಕಿತ್ತರೆ ಅಲ್ಲಿ ಹಾಗೆ ಒಂದು ಮೆಟ್ಟಿಲು ಉಳಿಯುತ್ತೆ. ಬೀಡಿಂಗ್ ಮೇಲೆ ಬೂದು ಬಣ್ಣದ ಸಣ್ಣ ಹನಿಗಳೂ ಇದ್ದವು. ಹಿಡಿಕೆಯ ಪಕ್ಕದಲ್ಲಿ ಒಂದು ಧೂಳಿನ ಕಣ ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಒಳಗೇ ಸಿಕ್ಕಿಹಾಕಿಕೊಂಡಿತ್ತು. ಹಿಂಜ್ ಬೋಲ್ಟುಗಳ ಮೇಲೆ ಮಾತ್ರ ಪಾನಾ ಹಾಕಿದ ಗುರುತು ಇರಲಿಲ್ಲ. ಅಂದರೆ ಡೋರು ಬಿಚ್ಚಿಲ್ಲ, ಗಾಡಿಯಲ್ಲಿ ಇದ್ದಂತೆಯೇ ಹೊಡೆದಿದ್ದಾರೆ.

ಆಮೇಲೆ ಸೆಕೆಂಡ್ ಹ್ಯಾಂಡ್ ಕಾರು ಮಾರುವವರೊಬ್ಬರಿಂದ ಪೇಂಟ್ ದಪ್ಪ ಅಳೆಯುವ ಮೀಟರ್ ತಂದೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣದು, ತಗಡಿಗೆ ಒತ್ತಿ ಹಿಡಿದರೆ ಸಾಕು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಒಳಗೆ ಇರುತ್ತೆ. ನಮ್ಮ ಗಾಡಿಯ ಬೇರೆ ಎಲ್ಲ ಕಡೆ 100ರ ಆಸುಪಾಸು ಬಂತು. ಈ ಡೋರಿನಲ್ಲಿ 240, 250. ಹಿಡಿಕೆಯ ಕೆಳಗೆ ಅಂಗೈ ಅಗಲದ ಜಾಗದಲ್ಲಿ 500 ದಾಟಿತು. ಅಷ್ಟು ಬಂದರೆ ಅದು ಬರೀ ಬಣ್ಣ ಅಲ್ಲ, ಒಳಗೆ ತಗ್ಗು ತುಂಬುವ ಪುಟ್ಟಿ ಇದೆ ಅಂತ ಅರ್ಥ. ಅಂದರೆ ಅಲ್ಲಿ ತಗ್ಗು ಬಿದ್ದಿತ್ತು.

ಇಲ್ಲಿ ನನ್ನ ಕೈ ಹಿಡಿದದ್ದು ಹಳೆ ಫೋಟೋಗಳು. ದುಡ್ಡು ಪೂರ್ತಿ ಕಟ್ಟುವ ಮೊದಲು ನಾನು ಶೋರೂಮಿನವರು ಹೊಸ ಗಾಡಿಗಳನ್ನು ನಿಲ್ಲಿಸುವ ಯಾರ್ಡಿಗೆ ಹೋಗಿ ಗಾಡಿ ನೋಡಿ ಬಂದಿದ್ದೆ. ಚಾಸಿ ನಂಬರಿನ ಫೋಟೋ, ನಾಲ್ಕೂ ಕಡೆಯ ಫೋಟೋ, ಡೋರು ತೆಗೆದು ಅಂಚಿನ ಫೋಟೋ, ಎಲ್ಲ ಬಿಸಿಲಲ್ಲೇ ತೆಗೆದಿದ್ದೆ. ಅವತ್ತು ಆ ಡೋರು ಸರಿಯಾಗಿತ್ತು, ಬೀಡಿಂಗ್ ಮೇಲೆ ಒಂದು ಹನಿಯೂ ಇಲ್ಲ. ಅಂದರೆ ಪೆಟ್ಟು ಬಿದ್ದಿದ್ದು ಯಾರ್ಡಿಗೂ ಡಿಲಿವರಿಗೂ ನಡುವೆ. ಡಿಲಿವರಿ ಕೊಟ್ಟಿದ್ದು ರಾತ್ರಿ ಏಳರ ಮೇಲೆ. ಹಾರ, ರಿಬ್ಬನ್, ಕೇಕು, ಮೇಲಿಂದ ಹಳದಿ ಲೈಟು. ಆ ಬೆಳಕಿನಲ್ಲಿ ಯಾವ ಗಾಡಿಯಾದರೂ ಮದುಮಗಳಂತೆ ಕಾಣುತ್ತೆ ಬಿಡಿ.

ಫೋಟೋಗಳ ಬಗ್ಗೆ ಒಂದು ಮಾತು. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ತೆಗೆದ ದಿನ, ಹೊತ್ತಿನ ಮಾಹಿತಿ ಅಳಿಸಿಹೋಗುತ್ತೆ. ಮೂಲ ಫೋಟೋ ಫೋನಿನಲ್ಲಿ ಹಾಗೇ ಇರಲಿ, ಇಮೇಲಿಗೆ ಅದನ್ನೇ ಲಗತ್ತಿಸಿ.

ಶೋರೂಮಿಗೆ ಫೋನ್ ಮಾಡಿದರೆ ಮೊದಲು ಬಂದ ಉತ್ತರ ಇದು: "ಸರ್ರ, ಎಲ್ಲಾ ಗಾಡಿನೂ ಹಿಂಗ ಇರ್ತಾವ್ರಿ. ಬಿಸಲಿಗೆ ಹಂಗ ಕಾಣಸ್ತದ." ಆಮೇಲೆ, ಗಾಡಿ ತನ್ನಿ, ಫ್ರೀಯಾಗಿ ಬಫಿಂಗ್ ಮಾಡಿ ಕೋಟಿಂಗ್ ಹಾಕಿಕೊಡುತ್ತೇವೆ ಅಂದರು. ಬೇಡ ಅಂದೆ. ಬಫಿಂಗ್ ಅಂದರೆ ಕ್ಲಿಯರ್ ಕೋಟನ್ನು ಉಜ್ಜಿ ತೆಳ್ಳಗೆ ಮಾಡುವುದು. ಧೂಳಿನ ಕಣವೂ ಹೋಗುತ್ತೆ, ಬೀಡಿಂಗ್ ಒರೆಸಿದರೆ ಹನಿಗಳೂ ಹೋಗುತ್ತವೆ. ಆಮೇಲೆ ತೋರಿಸಲಿಕ್ಕೆ ನನ್ನ ಹತ್ತಿರ ಏನಿರುತ್ತೆ?

ಮೂರನೆಯದಾಗಿ ಬಂದಿದ್ದು ಇನ್ನೂ ಜೋರು. "ನಿಮ್ದು ಝೀರೊ ಡೆಪ್ ಪಾಲಿಸಿ ಐತಲ್ರಿ, ಕ್ಲೇಮ್ ಹಾಕಿ ಹೊಸ ಡೋರ್ ಕೂಡಸೂಣ." ಝೀರೊ ಡೆಪ್ ಅಂದರೆ ಬಿಡಿಭಾಗ ಹಳತಾದ ಲೆಕ್ಕಕ್ಕೆ ದುಡ್ಡು ಕಡಿತ ಮಾಡದ ಇನ್ಶೂರೆನ್ಸ್. ಕೇಳಲಿಕ್ಕೆ ಚಂದ. ಆದರೆ ಕ್ಲೇಮ್ ಫಾರ್ಮಿಗೆ ಸಹಿ ಮಾಡಿದರೆ ಪೆಟ್ಟು ನನ್ನ ಕೈಯಲ್ಲಿ ಬಿತ್ತು ಅಂತ ನಾನೇ ಬರೆದುಕೊಟ್ಟ ಹಾಗೆ. ಅದು ಸುಳ್ಳು. ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಯ) ಪ್ರೀಮಿಯಂನಲ್ಲಿ ಸಿಗುವ ಶೇ. 20 ಬೋನಸ್ಸೂ ಹೋಗುತ್ತೆ. ಅವರ ತಪ್ಪು ನನ್ನ ಹೆಸರಿಗೆ ದಾಖಲಾಗುತ್ತೆ. ಈ ಸಲಹೆಗೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು.

ಅಲ್ಲಿಗೆ ಫೋನ್ ಮಾತು ನಿಲ್ಲಿಸಿ ಇಮೇಲ್ ಬರೆದೆ. ಶೋರೂಮಿನ ಜನರಲ್ ಮ್ಯಾನೇಜರಿಗೆ, ಅದರದೇ ಒಂದು ಪ್ರತಿ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ. ಬೈಗುಳ ಇಲ್ಲ, ಕಥೆ ಇಲ್ಲ. ಯಾರ್ಡಿನ ಫೋಟೋ, ಈಗಿನ ಫೋಟೋ, ಮೀಟರ್ ರೀಡಿಂಗಿನ ವಿಡಿಯೋ. ಜೊತೆಗೆ ಮೂರು ಪ್ರಶ್ನೆ: ಪೆಟ್ಟು ಹೇಗೆ ಬಿತ್ತು, ರಿಪೇರಿಯ ಜಾಬ್ ಕಾರ್ಡ್ (ವರ್ಕ್‌ಶಾಪಿನ ಕೆಲಸದ ದಾಖಲೆ) ಎಲ್ಲಿ, ನನಗೆ ಯಾಕೆ ಹೇಳಲಿಲ್ಲ? ಅದೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಆ ದೂರಿನ ನಂಬರನ್ನೂ ಇಮೇಲಿನಲ್ಲಿ ಹಾಕಿದೆ.

ಗ್ರಾಹಕರ ಆಯೋಗಕ್ಕೆ ಹೋಗುವ ತಯಾರಿಯನ್ನೂ ಮಾಡಿಕೊಂಡಿದ್ದೆ. ರಿಪೇರಿ ಮಾಡಿದ ಮಾಲನ್ನು ಹೊಸದು ಅಂತ ಮಾರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಶೋರೂಮ್ ಬೇರೆ ಊರಲ್ಲಿದ್ದರೂ ಚಿಂತೆಯಿಲ್ಲ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷ ಅವಕಾಶ ಇರುತ್ತೆ. ಐದರಿಂದ ಹತ್ತು ಲಕ್ಷದವರೆಗಿನ ಗಾಡಿಗೆ ಶುಲ್ಕ ಬರೀ 200 ರೂಪಾಯಿ. ಇದನ್ನೆಲ್ಲ ಇಮೇಲಿನ ಕೊನೆಗೆ ಎರಡು ಸಾಲಿನಲ್ಲಿ ಬರೆದೆ, ಅಷ್ಟೇ. ಬೆದರಿಕೆ ಹಾಕಲಿಲ್ಲ.

ಕಂಪನಿಯ ಏರಿಯಾ ಮ್ಯಾನೇಜರ್ ತಾವೇ ಮನೆಗೆ ಬಂದರು. ಮೀಟರ್ ಅವರದೇ ಇತ್ತು. ಅಳೆದರು, ಯಾರ್ಡಿನ ಫೋಟೋ ನೋಡಿದರು, ಚಹಾ ಕುಡಿದರು. ಗಾಡಿ ಯಾರ್ಡಿನಿಂದ ತರುವಾಗ ಕಂಬಕ್ಕೆ ತಾಗಿತ್ತಂತೆ, ಡಿಲಿವರಿ ತಪ್ಪಬಾರದು ಅಂತ ಗಡಿಬಿಡಿಯಲ್ಲಿ ಬಣ್ಣ ಹೊಡೆಸಿದ್ದಾರೆ ಅಂತ ಆಮೇಲೆ ಹೊರಬಿತ್ತು.

ಈಗ ಏನು ಕೇಳಬೇಕು ಅನ್ನುವುದು ಪ್ರಶ್ನೆ. ನಂಟರೆಲ್ಲ "ಹೊಸ ಗಾಡಿನೇ ಕೊಡ್ರಿ ಅನ್ನು" ಅಂದರು. ಗಾಡಿ ನನ್ನ ಹೆಸರಿಗೆ ರಿಜಿಸ್ಟರ್ ಆಗಿ ಕೆಎ 29 ನಂಬರ್ ಬಿದ್ದಾಗಿತ್ತು. ಒಂದು ಡೋರಿಗಾಗಿ ಪೂರ್ತಿ ಗಾಡಿ ಬದಲಾಯಿಸಿಕೊಡಿ ಅಂತ ಹಟ ಹಿಡಿದರೆ ವರ್ಷಗಟ್ಟಲೆ ಎಳೆಯುತ್ತೆ, ಗೆಲ್ಲುವ ಖಾತ್ರಿಯೂ ಇಲ್ಲ ಅನ್ನಿಸಿತು.

ಹೊಸ ಡೋರು ಹಾಕಿಸಲಾ? ಇದನ್ನು ಉಸ್ತಾದರ ಜೊತೆ ಕೂತು ಯೋಚಿಸಿದೆ. ಬಿಡಿಭಾಗವಾಗಿ ಬರುವ ಡೋರಿಗೆ ಬರೀ ಪ್ರೈಮರ್ ಇರುತ್ತೆ, ಬಣ್ಣ ಇಲ್ಲೇ ವರ್ಕ್‌ಶಾಪಿನಲ್ಲಿ ಹೊಡೆಯಬೇಕು. ಫ್ಯಾಕ್ಟರಿಯಲ್ಲಿ ಬಣ್ಣ ಗಟ್ಟಿಯಾಗಲಿ ಅಂತ ಬರಿ ಬಾಡಿಯನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸುತ್ತಾರೆ. ವರ್ಕ್‌ಶಾಪಿನಲ್ಲಿ ವೈರು, ಪ್ಲಾಸ್ಟಿಕ್ಕು ಎಲ್ಲ ಕೂಡಿಸಿದ ಗಾಡಿ ಇರುತ್ತೆ, 60 ಡಿಗ್ರಿಯ ಆಚೀಚೆ ಅಷ್ಟೇ ಸಾಧ್ಯ. ಮೇಲಾಗಿ ಮೆಟಾಲಿಕ್ ಬಣ್ಣ ಹೊಂದಿಸಬೇಕು ಅಂದರೆ ಪಕ್ಕದ ಪ್ಯಾನೆಲ್ಲುಗಳ ಮೇಲೂ ಬಣ್ಣ ಎಳೆದು, ಕ್ಲಿಯರ್ ಕೋಟ್ ಹೊಡೆಯಬೇಕು. ಒಂದು ಪ್ಯಾನೆಲ್ಲಿನ ರಗಳೆ ಮೂರು ಪ್ಯಾನೆಲ್ಲಿಗೆ ಹಬ್ಬುತ್ತೆ. ಚೆನ್ನಾಗಿರುವ ಫ್ಯಾಕ್ಟರಿ ಬಣ್ಣವನ್ನು ನಾನೇ ಕೈಯಾರೆ ಕೆಡಿಸಿಕೊಳ್ಳುವುದು ಯಾಕೆ? ಈಗಿನ ಕೆಲಸ ಕೆಟ್ಟದಾಗೇನೂ ಇರಲಿಲ್ಲ. ನನ್ನ ತಕರಾರು ಮುಚ್ಚಿಟ್ಟಿದ್ದಕ್ಕೆ.

ಹಾಗಾಗಿ ಡೋರು ಮುಟ್ಟಬೇಡಿ ಅಂದೆ. ಲೆಟರ್‌ಹೆಡ್ ಮೇಲೆ ಒಂದು ಪತ್ರ ಕೇಳಿದೆ: ಡಿಲಿವರಿಗೆ ಮೊದಲು ನಮ್ಮ ಕೈಯಲ್ಲಿದ್ದಾಗ ಈ ಡೋರಿಗೆ ಪೆಟ್ಟು ಬಿದ್ದು ರಿಪೇರಿ ಮಾಡಿದ್ದೇವೆ, ಬೇರೆ ಯಾವ ಭಾಗಕ್ಕೂ ಏನೂ ಆಗಿಲ್ಲ ಅಂತ. ನಾಳೆ ಗಾಡಿ ಮಾರುವಾಗ ಕೊಳ್ಳುವವನು ಮೀಟರ್ ಹಿಡಿದೇ ಬರುತ್ತಾನೆ. 500 ನೋಡಿದ ಕೂಡಲೇ ಆಕ್ಸಿಡೆಂಟ್ ಗಾಡಿ ಅನ್ನುತ್ತಾನೆ, ಆಗ ಈ ಪತ್ರ ಬೇಕಾಗುತ್ತೆ. ಆ ಡೋರಿನ ಬಣ್ಣ ಬಿರುಕು ಬಿಟ್ಟರೆ, ಪೊರೆ ಎದ್ದರೆ ಅವರದೇ ಖರ್ಚಿನಲ್ಲಿ ಸರಿಮಾಡಬೇಕು ಅಂತ ಬರವಣಿಗೆಯಲ್ಲೇ ವಾರಂಟಿ. ಮಾರುವಾಗ ಬೆಲೆ ಇಳಿಯುವುದಕ್ಕೆ ಪರಿಹಾರ, ಅದೂ ಬ್ಯಾಂಕ್ ಖಾತೆಗೆ. ಸೀಟ್ ಕವರ್, ಮ್ಯಾಟು ಕೊಡ್ತೇವಿ ಅಂದಿದ್ದರು, ಅದು ಬೇಡ ಅಂದೆ.

ಹಣದ ವಿಷಯಕ್ಕೆ ಚೌಕಾಶಿ ನಡೆಯಿತು, ನಾನು ಕೇಳಿದ್ದಕ್ಕಿಂತ ಕಡಿಮೆಗೆ ನಿಂತಿತು. ಪತ್ರದ ಒಕ್ಕಣೆಯಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಮೊದಲ ಕರಡಿನಲ್ಲಿ "ಗ್ರಾಹಕರ ಸಮಾಧಾನಕ್ಕಾಗಿ" ಅಂತ ಬರೆದು, ರಿಪೇರಿಯ ಮಾತೇ ಎತ್ತಿರಲಿಲ್ಲ. ವಾಪಸ್ ಕಳಿಸಿದೆ. ಚಾಸಿ ನಂಬರ್, ಯಾವ ಡೋರು, ಯಾವಾಗ ಹೊಡೆದ ಬಣ್ಣ, ಎಲ್ಲ ಸೇರಿಸಿ, ಸಹಿ ಸೀಲು ಹಾಕಿಸಿಕೊಂಡ ಮೇಲೆಯೇ 1915ರ ದೂರು ಮುಗಿಸಲು ಒಪ್ಪಿದೆ. ಆ ಪತ್ರದ ಪ್ರತಿ ಈಗ ಆರ್‌ಸಿ, ಇನ್ಶೂರೆನ್ಸ್ ಜೊತೆ ಅದೇ ಫೈಲಿನಲ್ಲಿದೆ.