ಸಾಲ ಕೊಟ್ಟು ಸಂತೆಗೆ ಕಳಿಸಿದೆ: ಉದ್ಯಮ ತರಬೇತಿಯಲ್ಲಿ ನನ್ನ ಅನುಭವ

ಕೊನೆಗೂ ಆಯಿತು. ಮೂವತ್ತು ಚಿಲ್ಲರೆ ಜನರಿದ್ದ ಬ್ಯಾಚಿನಲ್ಲಿ ವರ್ಷ ಕಳೆದ ಮೇಲೂ ಹದಿನೈದು-ಹದಿನಾರು ಮಂದಿ ವ್ಯಾಪಾರ ಮಾಡುತ್ತಿದ್ದಾರೆ. ಮೊದಲೆಲ್ಲ ನಾಲ್ಕೈದು ಮಂದಿ ಉಳಿದರೆ ಅದೇ ದೊಡ್ಡದು. ತರಬೇತಿಗೆ ಬಂದವರಿಗೆ ಸಾಲ ಕೊಟ್ಟು ಸಂತೆಗೆ ವ್ಯಾಪಾರಕ್ಕೆ ಕಳಿಸುವುದನ್ನು ನೋಡಿ "ಇದು ಕ್ಲಾಸ್ ಅಲ್ಲ ಸರ್, ಪಿಕ್ನಿಕ್" ಎಂದು ನಕ್ಕಿದ್ದ ಸಹೋದ್ಯೋಗಿಗಳೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಬರೆದೇಬಿಡೋಣ ಅನ್ನಿಸಿತು.

ನಾನು ಹಾವೇರಿ, ಗದಗ, ಧಾರವಾಡ ಕಡೆ ಉದ್ಯಮ ತರಬೇತಿಗೆ ಗೆಸ್ಟ್ ಫ್ಯಾಕಲ್ಟಿಯಾಗಿ ಹೋಗುವವನು. ಹಳ್ಳಿಯ ಯುವಜನರಿಗೆ ಸ್ವಉದ್ಯೋಗ ತರಬೇತಿ ಕೊಡಲು ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿ ನೋಡಿಯೇ ಕೆಲಸ ಕಲಿತೆ. ಯಾರು ಎಷ್ಟು ರಿಸ್ಕ್ ತೆಗೆದುಕೊಳ್ಳುತ್ತಾರೆ ಎಂದು ನೋಡುವ ರಿಂಗ್ ಎಸೆಯುವ ಆಟ, ಗೋಪುರ ಕಟ್ಟುವ ಆಟ, ಮಾರುಕಟ್ಟೆ ಸಮೀಕ್ಷೆ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ತರಬೇತುದಾರರಾದ ನಿಮಗೂ ಬಾಯಿಪಾಠ, ಆ ಕಥೆ ಬೇಡ. ಅಮೆರಿಕದ ಮನಶ್ಶಾಸ್ತ್ರಜ್ಞ ಮೆಕ್ಲೆಲ್ಯಾಂಡ್ 1960ರ ದಶಕದಲ್ಲಿ ಕಾಕಿನಾಡದ ವ್ಯಾಪಾರಿಗಳಿಗೆ ತರಬೇತಿ ಕೊಟ್ಟ ಕಥೆಯನ್ನು ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಆಟಗಳು ಚೆನ್ನಾಗಿವೆ, ಬಿಡಿ. ಆದರೆ ರಿಂಗ್ ಗುರಿ ತಪ್ಪಿದರೆ ಯಾರ ಜೇಬಿನಿಂದಲೂ ಏನೂ ಹೋಗುವುದಿಲ್ಲ. ನನ್ನ ತಕರಾರು ಅಷ್ಟೇ.

ಅದಕ್ಕೇ ಮೂರನೇ ದಿನವೇ ಸಂತೆ. ಕಾಸ್ಟಿಂಗ್, ಅಂದರೆ ಮಾಲಿಗೆ ತಗಲುವ ಖರ್ಚು ಲೆಕ್ಕ ಹಾಕುವ ಪಾಠ ಆಮೇಲೆ. ಇಬ್ಬಿಬ್ಬರ ಜೋಡಿ, ಜೋಡಿಗೆ 500 ರೂಪಾಯಿ ಸಾಲ, ಚೀಟಿಯ ಮೇಲೆ ಇಬ್ಬರ ಸಹಿ. ಸಂಜೆ 510 ವಾಪಸ್, ಅದೂ ನಗದು. ಏನು ಕೊಳ್ಳಬೇಕು, ಎಲ್ಲಿ ಕೊಳ್ಳಬೇಕು, ಎಷ್ಟಕ್ಕೆ ಮಾರಬೇಕು, ನಾನು ಬಾಯಿ ಬಿಡುವುದಿಲ್ಲ. ಲಾಭ ಅವರದ್ದು, ನಷ್ಟವೂ ಅವರದ್ದೇ.

ಕೇಳಲು ಸುಲಭ ಅಲ್ವಾ? ಇಲ್ಲಿಗೆ ಬರಲು ಸಾಕಷ್ಟು ದುಡ್ಡು ಹೋಗಿದೆ. ಮೊದಲು ಆಟದ ನೋಟು ಮಾಡಿ ತರಗತಿಯಲ್ಲೇ ಸಂತೆ ಹೂಡಿದೆ. ಎಲ್ಲರೂ ಲಕ್ಷಾಧಿಪತಿಗಳಾದರು, ಯಾರೂ ಏನೂ ಕಲಿಯಲಿಲ್ಲ. ಆಮೇಲೆ ಸಾಲ ಎನ್ನದೆ ಸುಮ್ನೆ ಇನ್ನೂರು ಇನ್ನೂರು ಕೊಟ್ಟು ಕಳಿಸಿದೆ. ಒಂದು ಜೋಡಿ ಗಿರ್ಮಿಟ್, ಮಿರ್ಚಿ ತಿಂದು ಬಂದು "ಮಾರುಕಟ್ಟೆ ಸಮೀಕ್ಷೆ ಆಯ್ತು ಸರ್" ಎಂದಿತು. ಸಾಲದ ದುಡ್ಡನ್ನು ತರಬೇತಿ ಖರ್ಚಿನಲ್ಲಿ ಸೇರಿಸಿ ಎಂದು ಒಂದು ಕಡೆ ತರಬೇತಿ ನಡೆಸುವವರನ್ನು ಕೇಳಿದೆ. ಊಟಕ್ಕೆ, ಫೈಲಿಗೆ, ಪೆನ್ನಿಗೆ ದುಡ್ಡಿದೆ, ಇದಕ್ಕೆ ಲೆಕ್ಕದ ಶೀರ್ಷಿಕೆಯೇ ಇಲ್ಲ, ಆಡಿಟ್‌ನವರಿಗೆ ಏನು ಹೇಳೋದು ಎಂದರು. ಸರಿ, ನನ್ನ ಜೇಬಿನಿಂದಲೇ ಹಾಕಿದೆ. ಆ ಸಲ ಸಾವಿರದ ನಾನೂರೋ ಐನೂರೋ ವಾಪಸ್ ಬರಲೇ ಇಲ್ಲ. ಅಂದಿನ ಗೌರವಧನಕ್ಕಿಂತ ಜಾಸ್ತಿ. ಮನೆಯಲ್ಲಿ "ಪಾಠ ಹೇಳಾಕ ನೀವ ಫೀ ಕಟ್ತೀರೇನು?" ಎಂಬ ಮಾತು ಬಂತು.

ಸರಿಹೋಗಿದ್ದು ಎರಡು ಬದಲಾವಣೆಯಿಂದ. ಒಂದು, ಸಂಜೆ ಎಲ್ಲರೂ ದುಂಡಗೆ ಕೂತು ದುಡ್ಡು ಎಣಿಸಬೇಕು. ಒಬ್ಬರ ದುಡ್ಡನ್ನು ಪಕ್ಕದ ಜೋಡಿ ಗಟ್ಟಿಯಾಗಿ ಎಣಿಸುತ್ತದೆ, ನಾನಲ್ಲ. ಎರಡು, ಯಾರಾದರೂ ಕಟ್ಟಲಾಗದಿದ್ದರೆ ಉಳಿದವರು ತಮ್ಮ ಲಾಭದಿಂದ ತುಂಬಿಕೊಡಬೇಕು. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಈ ಹೊಣೆ ಹೊಸದೇನಲ್ಲ, ಕೂಡಲೇ ಒಪ್ಪಿದರು. ಹುಡುಗರು ಗೊಣಗಿದರು. ಆದರೆ ಅಂದಿನಿಂದ ಬಾಕಿ ಉಳಿದಿದ್ದು ಎಲ್ಲ ಸೇರಿ ನೂರೋ ಇನ್ನೂರೋ ಇರಬಹುದು.

ಉದ್ರಿ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಬೇಕಂತಲೇ ಹೇಳುವುದಿಲ್ಲ. ಒಂದು ಜೋಡಿ ಪ್ಲಾಸ್ಟಿಕ್ ಬುಟ್ಟಿ, ಜರಡಿ ತಂದಿತ್ತು. ಮಾಲು ಪೂರ್ತಿ ಖಾಲಿ, 680ರ ವ್ಯಾಪಾರ. ಎಲ್ಲರಿಗಿಂತ ಮೊದಲು ಬಂದು ಗತ್ತಿನಲ್ಲಿ ಕೂತರು. ಎಣಿಸಿದರೆ ಕೈಯಲ್ಲಿ 430. ಒಬ್ಬನ ಮಾವನ ಊರಿನವರು ಸಿಕ್ಕು 250ರ ಸಾಮಾನು ಉದ್ರಿ ಒಯ್ದಿದ್ದರು. "ಲಾಭ ಆಗೈತ್ರಿ ಸರ್, ರೊಕ್ಕ ಇಲ್ಲ ಅಷ್ಟ" ಎಂದ. ಕ್ಯಾಶ್ ಫ್ಲೋ, ಅಂದರೆ ಕೈಗೆ ನಗದು ಬಂದು ಹೋಗುವ ಲೆಕ್ಕದ ಬಗ್ಗೆ ನನ್ನ ಹತ್ತಿರ ಇಪ್ಪತ್ತು ಸ್ಲೈಡ್ ಇದ್ದವು. ಆ ದಿನವೇ ಅಳಿಸಿದೆ.

ಮರುದಿನದ ಕಾಸ್ಟಿಂಗ್ ತರಗತಿಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ರೊಟ್ಟಿ ಮಾಡುವ ಹೆಣ್ಣುಮಕ್ಕಳ ಲೆಕ್ಕ ನೋಡಿ. ಖಾನಾವಳಿಗೆ ಐದು ರೂಪಾಯಿಗೆ ಒಂದು ಕೊಡುತ್ತಿದ್ದರು. ಬೀಸಿದ ಜೋಳದ ಹಿಟ್ಟು ಕಿಲೋಗೆ 55 ಹತ್ತಿರ, ಕಿಲೋಗೆ ಹದಿನೆಂಟು-ಇಪ್ಪತ್ತು ರೊಟ್ಟಿ. ಅಂದರೆ ಹಿಟ್ಟೇ ಮೂರು ರೂಪಾಯಿ. ಉರುವಲು ಮುಕ್ಕಾಲು. "ಒಂದೂಕಾಲು ರೂಪಾಯಿ ಉಳೀತೈತಿ" ಎಂದರು. ನೂರು ರೊಟ್ಟಿಗೆ ಎಷ್ಟು ಹೊತ್ತು ಎಂದೆ. ನಾಲ್ಕು ತಾಸು. ಹೊಲದ ಕೂಲಿಗೆ ಹೋದರೆ ದಿನಕ್ಕೆ 350 ಎಂದರೂ ಅರ್ಧ ದಿನಕ್ಕೆ 175, ರೊಟ್ಟಿಗೆ ಒಂದೂ ಮುಕ್ಕಾಲು. ಒಟ್ಟು ಐದೂವರೆ! ಕಟ್ಟುವ ಕವರ್, ಬಸ್ ಚಾರ್ಜ್ ಬೇರೆ. "ನಮ್ಮ ಕೈಗೆ ಯಾರ ಪಗಾರ ಕೊಡ್ತಾರ್ರೀ?" ಎಂದು ಒಬ್ಬರು ನಕ್ಕರು. ಹಿಂದಿನ ದಿನ ಸಂತೆಯಲ್ಲಿ ಬಿಸಿಲಿಗೆ ಕೂತು ಎಣಿಸಿದ್ದ ದುಡ್ಡು ನೆನಪಿತ್ತಲ್ಲ, ನಗು ಬೇಗ ನಿಂತಿತು. ಈಗ ಅವರು ರೊಟ್ಟಿಯನ್ನು ಏಳಕ್ಕೆ ಕೊಡುತ್ತಾರೆ. ಒಂದು ಖಾನಾವಳಿ ಕೈಬಿಟ್ಟಿತು, ಎರಡು ಹೊಸದು ಸಿಕ್ಕವು. ಶೇಂಗಾ ಚಟ್ನಿ ಪುಡಿ ಜೊತೆಗೆ ಸೇರಿಸಿದ ಮೇಲೆ ಅದರಲ್ಲೇ ಹೆಚ್ಚು ಉಳಿಯುತ್ತಿದೆ.

ಪದವಿ ಹುಡುಗರದ್ದು ಬೇರೆಯೇ ಸಮಸ್ಯೆ. ಲೋಗೋ ಮೊದಲು, ಮಾಲು ಆಮೇಲೆ. ಒಂದು ಬ್ಯಾಚಿಗೆ ಸಂತೆ ಬೇಡ, ವಾಟ್ಸಾಪ್ ಸ್ಟೇಟಸ್‌ನಲ್ಲೇ ಮಾರಿ ಎಂದು ಬಿಟ್ಟೆ. ನೋಡಿದವರು ನೂರಾರು, ಕೊಂಡವರು ಅತ್ತೆ, ಚಿಕ್ಕಮ್ಮ, ಅಕ್ಕ. ಅದೇ ಹುಡುಗರಲ್ಲಿ ಇಬ್ಬರು ಮುಂದೆ ಸಂತೆಗೆ ನಿಂಬೆಹಣ್ಣು ಒಯ್ದರು. ಎರಡು ರೂಪಾಯಿಗೆ ಒಂದರಂತೆ ಇನ್ನೂರು ಹಣ್ಣಿನ ಹತ್ತಿರ ಕೊಂಡು, ಹತ್ತಕ್ಕೆ ಮೂರು ಎಂದು ಕೂಗಿ, ಮಧ್ಯಾಹ್ನದೊಳಗೆ ಇನ್ನೂರು ಚಿಲ್ಲರೆ ಉಳಿಸಿದರು. ಕೂಗಲು ನಾಚಿಕೆ ಬಿಡುವುದಕ್ಕೇ ಒಂದು ತಾಸು ಹೋಯಿತಂತೆ.

ಇನ್ನೊಂದು ಪ್ರಯೋಗ ಮಾಡಿದೆ. ಅರ್ಧ ಜೋಡಿಗಳಿಗೆ ಬೆಲೆ ಬರೆದ ರಟ್ಟು, ಉಳಿದವರಿಗೆ ಇಲ್ಲ. ರಟ್ಟಿದ್ದವರು ಬೇಗ ಮಾರಿದರು, ಇಲ್ಲದವರಿಗೆ ಚೌಕಾಸಿಯಲ್ಲಿ ಸ್ವಲ್ಪ ಹೆಚ್ಚು ಗಿಟ್ಟಿತು. ಮತ್ತೊಂದು ಸಂತೆಯಲ್ಲಿ ಪೂರ್ತಿ ಉಲ್ಟಾ. ಹಾಗಾಗಿ ಅದನ್ನು ಪಾಠ ಅಂತ ಹೇಳಲಾರೆ.

ಸಬ್ಸಿಡಿ ಆಸೆಗೆ ಬಂದವರನ್ನು ನೀವೂ ನೋಡಿರುತ್ತೀರಿ. ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಹಳ್ಳಿಯ ಮಹಿಳೆಯರಿಗೆ 35 ಪರ್ಸೆಂಟ್ ಎಂದ ಕೂಡಲೇ ಕಣ್ಣರಳುತ್ತದೆ. ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಕೈಗೆ ಬರುವುದಿಲ್ಲ ಎಂದು ನಾನು ಮೊದಲ ದಿನವೇ ಹೇಳಿಬಿಡುತ್ತೇನೆ. ಇಬ್ಬರು ಮೂವರು ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಹೋಗಲಿ. ಸಣ್ಣ ಉದ್ಯಮಗಳು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿ ಪೂರ್ತಿ ಉಚಿತ ಎಂಬುದನ್ನೂ ಆಗಲೇ ಹೇಳುತ್ತೇನೆ, ಇಲ್ಲದಿದ್ದರೆ ಎಲ್ಲೋ ಐನೂರು ತೆತ್ತು ಬರುತ್ತಾರೆ.

ಸಂತೆಯ ಲೆಕ್ಕ ಬರೆದ ನೋಟ್‌ಬುಕ್ ಆಮೇಲೂ ಒಂದು ಉಪಕಾರ ಮಾಡಿತು. ತರಬೇತಿ ಮುಗಿದ ಮೇಲೂ ಮೂರು ತಿಂಗಳು ಅದರಲ್ಲೇ ದಿನದ ಖರೀದಿ, ಮಾರಾಟ, ಉದ್ರಿ ಬರೆಯಲು ಹೇಳಿದ್ದೆ. ಮುದ್ರಾ ಯೋಜನೆಯ ಸಣ್ಣ ಸಾಲವಾದ ಶಿಶು ಮುದ್ರಾದಲ್ಲಿ 50,000ದವರೆಗೆ ಕೇಳಲು ಹೋದವರು ಅದನ್ನೇ ಮುಂದಿಟ್ಟರು. ನಮ್ಮ ಪ್ರಾಜೆಕ್ಟ್ ರಿಪೋರ್ಟ್ ತಿರುವಿಯೂ ನೋಡದ ಮ್ಯಾನೇಜರ್ ಒಬ್ಬರು ಎಣ್ಣೆ ಕಲೆಯ ಆ ನೋಟ್‌ಬುಕ್ಕನ್ನು ಹಾಳೆ ಹಾಳೆ ಓದಿದರು. ಏಳೆಂಟು ಮಂದಿಗೆ ಸಾಲ ಆಯಿತು. ಇಷ್ಟಕ್ಕೆ ಸ್ವಲ್ಪ ಬೀಗಿದರೆ ತಪ್ಪಿಲ್ಲ ಅಂದುಕೊಳ್ಳುತ್ತೇನೆ.

ಜೋಡಿ ಹೇಗೆ ಕಟ್ಟುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ದಿನ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ನೋಡಿ ಜೋಡಿಸುತ್ತೇನೆ. ಪ್ರಶ್ನೆ ಯಾವುದು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ. ಗೆಳೆಯರನ್ನು ಒಟ್ಟಿಗೆ ಹಾಕಬೇಡಿ, ಗಂಡ-ಹೆಂಡತಿಯನ್ನಂತೂ ಬೇಡವೇ ಬೇಡ, ಅಷ್ಟು ಹೇಳಬಲ್ಲೆ.

ನೀವು ಮಾಡಿ ನೋಡುವುದಾದರೆ ಎಂಟು ಸಾವಿರ ಕೈಯಲ್ಲಿಟ್ಟುಕೊಳ್ಳಿ, ಹತ್ತರ ಇಪ್ಪತ್ತರ ನೋಟು ಜಾಸ್ತಿ ಇರಲಿ. ಹಿಂದಿನ ವಾರವೇ ಹೋಗಿ ಜಕಾತಿ ವಸೂಲಿಯವರನ್ನು ಮಾತಾಡಿಸಿ ಬನ್ನಿ. ಖಾಯಂ ವ್ಯಾಪಾರಿಗಳ ಜಾಗದಲ್ಲಿ ನಮ್ಮ ಹುಡುಗರು ಕೂತರೆ ಬೆಳಿಗ್ಗೆ ಏಳಕ್ಕೇ ಜಗಳ ಶುರು. ಅದನ್ನು ಬಿಡಿಸುವಷ್ಟರಲ್ಲಿ ಬೋಣಿಗೆ ಹೊತ್ತು ಮುಗಿದುಹೋಗಿರುತ್ತದೆ.